ಗ್ಯಾಸ್ ಏರಿಸಬೇಕೋ, ಆಕ್ಸಿಜನ್ ಇಳಿಸಬೇಕೋ?

ಬೆಳ್ಳಿ ಬೆರೆತ ಗಾಜಿನ ಮಣಿಗೆ ಪಾರಿವಾಳದ ಕತ್ತಿನಂಥ ಹೊಳಪು ಬರಬೇಕಾದರೆ, ಕೊನೆಯಲ್ಲಿ ಆಕ್ಸಿಜನ್ ಸಾಲದ ಉರಿ ತೋರಿಸಬೇಕು. ಅರೆಬರೆ ಉರಿದ ಗ್ಯಾಸ್ ತನಗೆ ಕಮ್ಮಿಬಿದ್ದ ಆಕ್ಸಿಜನ್ನನ್ನು ಗಾಜಿನ ಮೈಯಿಂದಲೇ ಕಿತ್ತುಕೊಳ್ಳುತ್ತದೆ. ಬೆಳ್ಳಿ ತೆಳು ಪೊರೆಯಾಗಿ ಮೇಲೆ ಕೂರುತ್ತದೆ. ಇದೇ ರಿಡಕ್ಷನ್. ಈ ಉರಿಯನ್ನು ಗ್ಯಾಸ್ ಏರಿಸಿಯೂ ತರಬಹುದು, ಆಕ್ಸಿಜನ್ ಇಳಿಸಿಯೂ ತರಬಹುದು. ಎರಡೂ ಒಂದೇ ಅಂದುಕೊಂಡಿದ್ದವಳು ಒಂದು ಭಾನುವಾರ ಹನ್ನೆರಡು ಮಣಿ ಮಾಡಿ ನೋಡಿದೆ.

ನನ್ನದು ಎಲ್‌ಪಿಜಿ ಸಿಲಿಂಡರ್, ನಿಮಿಷಕ್ಕೆ 5 ಲೀಟರ್ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್, ಗಾಜು ಕರಗಿಸುವ ಚಿಕ್ಕ ಟಾರ್ಚ್ (ಬರ್ನರ್). ಎಲ್ಲ ಮಣಿಗೂ ತಳದಲ್ಲಿ ಎಫೆಟ್ರೆ ಕಂಪನಿಯ ಕಪ್ಪು ಗಾಜು, ಮೇಲೆ ಡಬಲ್ ಹೆಲಿಕ್ಸ್ ಕಂಪನಿಯ ಟ್ರೈಟನ್ ಅನ್ನೋ ಬೆಳ್ಳಿ ಗಾಜು. ಎರಡೂ 104ರ ಗಾಜು, ಅಂದರೆ ಬಿಸಿಗೆ ಹಿಗ್ಗುವ ಪ್ರಮಾಣ ಒಂದೇ, ಹಾಗಾಗಿ ಒಟ್ಟಿಗೆ ಬಿರುಕಿಲ್ಲದೆ ಕೂರುತ್ತವೆ.

ಮೊದಲ ಆರಕ್ಕೆ ಗ್ಯಾಸ್ ಏರಿಸಿದೆ. ಉರಿ ಉದ್ದವಾಗಿ, ತುದಿ ಹಳದಿಯಾಗಿ, ಎದುರಿಗೇ ನುಗ್ಗಿ ಬಂತು. ಹೊಳಪು ಬೇಗ ಬಂತು, ನಿಜ. ಆದರೆ ಉರಿ ದೊಡ್ಡದಾದ್ದರಿಂದ ಮಣಿ ಮತ್ತೆ ಕಾದು ಮೆತ್ತಗಾಗುತ್ತಿತ್ತು. ಎರಡು ಮಣಿಗಳ ಮೇಲೆ ಮಸಿ ಹಿಡಿಯಿತು. ಒಂದರ ಹೊಳಪಂತೂ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬೂದಿ ಬಣ್ಣಕ್ಕೆ ತಿರುಗಿತು.

ಉಳಿದ ಆರಕ್ಕೆ ಗ್ಯಾಸ್ ಮುಟ್ಟದೆ ಆಕ್ಸಿಜನ್ ನಾಬ್ ಕೂದಲೆಳೆಯಷ್ಟು ತಿರುಗಿಸಿದೆ. ಟಾರ್ಚ್ ಬಾಯಲ್ಲಿ ಚೂಪಾಗಿದ್ದ ನೀಲಿ ಮೊನೆಗಳು ಉದ್ದವಾಗಿ ಮಬ್ಬಾದವು, ಉರಿ ಸದ್ದಡಗಿ ಸೋಮಾರಿಯಾಯಿತು. ಮಣಿಯನ್ನು ಉರಿಯ ತುದಿಯಲ್ಲಿ ಸುತ್ತಿಸುತ್ತ ಎರಡು ಸೆಕೆಂಡ್, ಹೊರಗೆ ತೆಗೆದು ನೋಡು, ಬೇಕಾದರೆ ಇನ್ನೆರಡು. ನಾಲ್ಕನೆಯ ಮಣಿ ತಿರುಗಿಸುವಾಗ ಮಳೆನೀರಿನ ಮೇಲೆ ಡೀಸೆಲ್ ಹರಡಿದ ಹಾಗೆ ನೀಲಿ, ನೇರಳೆ, ಹೊನ್ನು ಒಂದರ ಹಿಂದೊಂದು ಬಂದವು. ಅಲ್ಲಿಗೇ ನಿಲ್ಲಿಸಿದೆ. ನಿಲ್ಲಿಸೋಕೆ ಪುರಸೊತ್ತು ಸಿಗೋದೇ ಇದರ ಲಾಭ. ಬೆಳ್ಳಿ ಗಾಜಿಗೆ ನನ್ನ ಮಟ್ಟಿಗೆ ಇದೇ ಸರಿ.

ಆದರೆ ನಾಬ್‌ಗಿಂತ ಹೆಚ್ಚು ಕೆಲಸ ಕೆಡಿಸಿದ್ದು ನನ್ನ ಅವಸರ. ಮಣಿಯ ಕೆಂಪು ಪೂರ್ತಿ ಆರುವ ಮೊದಲೇ ಉರಿಗೆ ಕೊಟ್ಟಾಗಲೆಲ್ಲ, ಯಾವ ವಿಧಾನವಾದರೂ, ಬಣ್ಣ ಮಂಕು. ತೀರಾ ತಣ್ಣಗಾಗಲು ಬಿಟ್ಟ ಒಂದು ಮಣಿ ಉರಿಗೆ ಹಿಡಿದ ಕೂಡಲೇ ಟಿಕ್ ಅಂತ ಬಿರುಕು ಬಿಟ್ಟಿತು. ಹೊಳಪು ಅತಿಯಾದರೆ ಹೆದರಬೇಡಿ: ಆಕ್ಸಿಜನ್ ಜಾಸ್ತಿಯಿರುವ ಉರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿದರೆ ಪೊರೆ ಹೋಗುತ್ತದೆ, ಮತ್ತೆ ಶುರು ಮಾಡಬಹುದು.

ತಾಮ್ರವಿರುವ ಟರ್ಕಾಯ್ಸ್ ಗಾಜಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ನಾಜೂಕು ಬೇಕಾಗಿಲ್ಲ, ಗ್ಯಾಸ್ ಏರಿಸಿದರೆ ಸಾಕು, ಆಕಾಶನೀಲಿ ಮೈ ಇಟ್ಟಿಗೆ ಕೆಂಪಿನ ಸಿಪ್ಪೆ ಹೊದ್ದುಕೊಳ್ಳುತ್ತದೆ. ಹಳೆಯ ಮಡಕೆಯಂಥ ಆ ರೂಪ ನನಗಿಷ್ಟ. ಅಮ್ಮ ಮಾತ್ರ ಕೈಯಲ್ಲಿ ಹಿಡಿದು, "ಇದೇನೇ, ಸೀದ ಹುರುಳಿಕಾಳು ಇದ್ದಂಗಿದೆ" ಅಂದರು.

ಯಾವ ದಾರಿ ಹಿಡಿದರೂ ಈ ಉರಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಎಕ್ಸಾಸ್ಟ್ ಫ್ಯಾನ್ ಹಾಕದೆ ಕೂರಬೇಡಿ. ಇನ್ನೊಂದು, ಬೆಳ್ಳಿ ಗಾಜಿನ ಮಣಿಯ ಮೇಲೆ ಟರ್ಕಾಯ್ಸ್ ಚುಕ್ಕೆ ಇಡುವ ಆಸೆ ಬೇಡ. ನಾನಿಟ್ಟೆ. ಬೆಳ್ಳಿ ಮಿನುಗಿದ ಆ ಎರಡೇ ಸೆಕೆಂಡಿನಲ್ಲಿ ಚುಕ್ಕೆಗಳೆಲ್ಲ ಹುರುಳಿಕಾಳಾದವು.