ಬಳ್ಳಾರಿಯ ಬಾಡಿಗೆ ಪ್ರೊಜೆಕ್ಟರ್ ಮೂಕಿ ಚಿತ್ರಕ್ಕೆ ಆಗುತ್ತದೆಯೇ?

ಮದುವೆ ರಿಸೆಪ್ಷನ್‌ಗೆ, ಕ್ರಿಕೆಟ್ ಮ್ಯಾಚಿಗೆ ಅಂತ ಬಳ್ಳಾರಿಯಲ್ಲಿ ಬಾಡಿಗೆಗೆ ಸಿಗುವ ಪ್ರೊಜೆಕ್ಟರ್ ಸೆಟ್ಟು 1919ರ ಮೂಕಿ ಚಿತ್ರಕ್ಕೂ ಸಾಕು. ಪರದೆ ಚೊಕ್ಕ, ಕೇಬಲ್ಲು ಉದ್ದ, ಹುಡುಗರು ಹೇಳಿದ ಹೊತ್ತಿಗೆ ಬರುತ್ತಾರೆ. ಕೆಡುವುದು ಸೆಟ್ಟಿಂಗಿನಲ್ಲಿ.

ಹಾಕಿದ್ದು ಆಸ್ಟ್ರೇಲಿಯಾದ ರೇಮಂಡ್ ಲಾಂಗ್‌ಫರ್ಡ್ ಅವರ ‘ದಿ ಸೆಂಟಿಮೆಂಟಲ್ ಬ್ಲೋಕ್’. ಹಡಗಿನಲ್ಲಿ ದುಡಿದು, ನಾಟಕ ಕಂಪನಿಗಳ ಜತೆ ಊರೂರು ತಿರುಗಿ, 1911ರಲ್ಲಿ ನಿರ್ದೇಶನಕ್ಕೆ ಇಳಿದವರು. ಹುಟ್ಟಿದ್ದು 1878; ನಮ್ಮ ಬಳ್ಳಾರಿ ರಾಘವರಿಗಿಂತ ಎರಡೇ ವರ್ಷ ಹಿರಿಯರು. ನಾಟಕದವರ ಚಿತ್ರವಾದರೂ ಇದರಲ್ಲಿ ರಂಗದ ಆರ್ಭಟವಿಲ್ಲ. ಹುಬ್ಬು, ತುಟಿಯಂಚು, ಅಷ್ಟರಲ್ಲೇ ಎಲ್ಲ ಮುಗಿಯುತ್ತದೆ. ಅದಕ್ಕೇ ವೇಗ ತಪ್ಪಬಾರದು. ಸೆಕೆಂಡಿಗೆ 18 ಫ್ರೇಮಿನ ಚಿತ್ರವನ್ನು 24ಕ್ಕೆ ಓಡಿಸಿದರೆ ಒಂದು ಗಂಟೆಯದು 45 ನಿಮಿಷಕ್ಕೆ ಮುಗಿದು, ಪ್ರೇಮ ಹೋಗಿ ಕೋಡಂಗಿ ಕುಣಿತ ಉಳಿಯುತ್ತದೆ. ಒಳ್ಳೆಯ ಕಾಪಿಯಲ್ಲಿ ಇದನ್ನು ಸರಿಪಡಿಸಿಯೇ ಇರುತ್ತಾರೆ. ಮೊದಲ ಐದು ನಿಮಿಷ ನೋಡಿ. ನಡೆಯುವವರು ಓಡಿದಂತೆ ಕಂಡರೆ ಲ್ಯಾಪ್‌ಟಾಪಿನ ಪ್ಲೇಯರ್‌ನಲ್ಲಿ ಸ್ಪೀಡ್ 0.75ಕ್ಕೆ ಇಳಿಸಿ.

ಎರಡನೆಯದು ಆಕಾರ. ಪಕ್ಕದ ಕಪ್ಪು ಪಟ್ಟಿ ಕಂಡರೆ ಆಪರೇಟರ್‌ಗೆ ಸಮಾಧಾನವಿಲ್ಲ, ಎಳೆದು ‘ಫುಲ್’ ಮಾಡಿಬಿಡುತ್ತಾನೆ. ನಾಯಕಿ ಲಾಟಿ ಲೈಯಲ್ ಮುಖ ಪೂರಿಯಂತೆ ಉಬ್ಬುತ್ತದೆ. ಲಾಂಗ್‌ಫರ್ಡರ ಜತೆ ಚಿತ್ರಕಥೆಗೂ ಕೂತಾಕೆ, 1925ರಲ್ಲಿ ಕ್ಷಯದಿಂದ ತೀರಿಕೊಂಡರು. ಅವರಿಲ್ಲದ ಮೇಲೆ ಲಾಂಗ್‌ಫರ್ಡರ ದಾರಿ ಇಳಿಜಾರೇ. ಕೊನೆಗಾಲಕ್ಕೆ ಸಿಡ್ನಿ ಬಂದರಿನಲ್ಲಿ ರಾತ್ರಿ ಕಾವಲು. ಪ್ರೊಜೆಕ್ಟರಿನ ಆಸ್ಪೆಕ್ಟನ್ನು, ಅಂದರೆ ಚಿತ್ರದ ಅಗಲ-ಎತ್ತರದ ಅನುಪಾತವನ್ನು, 4:3 ಇಡಿಸಿ, ‘ಡೈನಾಮಿಕ್’ ತೆಗೆದು ‘ಸಿನಿಮಾ’ ಮೋಡ್ ಹಾಕಿಸಿ. ಬಣ್ಣವನ್ನು ಪೂರ್ತಿ ಸೊನ್ನೆ ಮಾಡಬೇಡಿ, ಆ ಕಾಲದಲ್ಲಿ ರೀಲಿಗೇ ಬಣ್ಣ ಅದ್ದುತ್ತಿದ್ದರು.

ಸಂಭಾಷಣೆಯ ಕಾರ್ಡುಗಳಲ್ಲಿರುವುದು ಚಿತ್ರಕ್ಕೆ ಮೂಲವಾದ ಸಿ.ಜೆ. ಡೆನಿಸ್ ಪದ್ಯದ ಬೀದಿ ಇಂಗ್ಲಿಷು. ಕಾಲೇಜು ಓದಿದವರೂ ತಡವರಿಸುತ್ತಾರೆ. ಸೆಟ್ಟಿನ ಜತೆ ಬರುವ ಕಾರ್ಡ್‌ಲೆಸ್ ಮೈಕ್ ಹಿಡಿದು ಒಬ್ಬರು ಕನ್ನಡದಲ್ಲಿ ಹೇಳಲಿ. ಮಿಕ್ಸರಿನಲ್ಲಿ ಎಕೋ ಪೂರ್ತಿ ಇಳಿಸಿ, ಇಲ್ಲದಿದ್ದರೆ ಆರ್ಕೆಸ್ಟ್ರಾ ಆನೌನ್ಸ್‌ಮೆಂಟೇ.

ಬಯಲಲ್ಲಾದರೆ ಪರದೆ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ, ನಾಲ್ಕು ಮೂಲೆಗೂ ಹಗ್ಗ, ಕಾಲಿಗೆ ಮರಳಿನ ಚೀಲ ಬೇಕು. ಪ್ರೊಜೆಕ್ಟರಿನ ಫಿಲ್ಟರ್ ತೆಗೆಸಿ ನೋಡಿ: ನಮ್ಮೂರ ಕೆಂಧೂಳು ಕೂತಿದ್ದರೆ ಬಿಸಿಯೇರಿ ನಡುವೆಯೇ ಆರಿಹೋಗುತ್ತದೆ. ಯುಪಿಎಸ್ ಸೆಟ್ಟಿನಲ್ಲಿ ಬರುವುದಿಲ್ಲ, ಕೇಳಿಯೇ ತರಿಸಬೇಕು. ಅರ್ಧ ದಿನದ ಬಾಡಿಗೆಯಲ್ಲಿ ಪರದೆ ಕಟ್ಟುವ ಹೊತ್ತೂ ಸೇರಿದೆಯೋ ಇಲ್ಲವೋ, ಅಡ್ವಾನ್ಸ್ ಕೊಡುವ ಮೊದಲೇ ಬಾಯಿ ಬಿಟ್ಟು ಕೇಳಿ.