ಹುಟ್ಟು ಹಾಕುವ ದೋಣಿಯಲ್ಲಿ ಒಂದು ಬೆಳಗ್ಗೆ

ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಈ ಕೆರೆಯ ದೋಣಿಯವರು ಮೋಟಾರ್ ಬೋಟ್ ಬಿಡುವುದಿಲ್ಲ, ಬರೀ ಹುಟ್ಟು ಹಾಕುವ ದೋಣಿ. ನನಗೆ ತುಂಬಾ ಖುಷಿಯಾಯಿತು. ನೀರಲ್ಲಿ ಮುಳುಗಿ ಏಳುವ ಪುಟ್ಟ ಹಕ್ಕಿ ಗುಳುಮುಳುಕನ ಗೂಡು ಅಂದರೆ ನೀರಿನ ಮೇಲೆ ತೇಲುವ ಕಳೆಯ ರಾಶಿ. ಮೋಟಾರ್ ಬೋಟ್ ಜೋರಾಗಿ ಹಾದುಹೋದರೆ ಅಲೆಗೆ ಮೊಟ್ಟೆ ನೀರುಪಾಲಾಗಬಹುದು.

ನಮ್ಮ ದೋಣಿಯವರು ಜೊಂಡಿನಿಂದ ದೂರದಲ್ಲೇ ಹುಟ್ಟು ಎತ್ತಿಟ್ಟರು. ದುರ್ಬೀನಿನಲ್ಲಿ ನೋಡಿದೆ. ಕಾವು ಕೂತಿದ್ದ ಹಕ್ಕಿ ಎದ್ದು, ಒದ್ದೆ ಕಳೆಯನ್ನು ಕೊಕ್ಕಿನಿಂದ ಎಳೆದೆಳೆದು ಮೊಟ್ಟೆ ಮುಚ್ಚಿತು. ಆಮೇಲೆ ಸದ್ದಿಲ್ಲದೆ ಮುಳುಗಿತು. ಕಾವು ಸುಮಾರು 3 ವಾರ. ಅಷ್ಟು ದಿನ ಸುಮ್ನೆ ಬಿಡೋದು ಕಷ್ಟವೇನಲ್ಲ, ಅಲ್ವಾ?

ಒಂದೇ ಕೊರತೆ. ಗಡಿ ತೋರಿಸುವ ತೇಲುಬುರುಡೆ ಕಡಿಮೆ. ಬೇರೆ ಎರಡು ದೋಣಿ ಜೊಂಡಿನ ಪಕ್ಕಕ್ಕೇ ಹೋದವು. ಇನ್ನೂ ಜಾಸ್ತಿ ಹಾಕಿ, ದಯವಿಟ್ಟು.