ದಾವಣಗೆರೆಯಲ್ಲಿ ಈಜುಗಾರರಿಗೆ ಬುತ್ತಿ ಕಟ್ಟಿಕೊಡುವ ಖಾನಾವಳಿ

ಸ್ಪರ್ಧೆಗಾಗಿ ಈಜಿನ ತರಬೇತಿ ಪಡೆಯುತ್ತಿರುವ ಮಕ್ಕಳಿಗೆಂದೇ ಬೆಳಗಿನ ಬುತ್ತಿ ಕಟ್ಟಿಕೊಡುವ ಸಣ್ಣ ಖಾನಾವಳಿಯೊಂದು ದಾವಣಗೆರೆಯ ನಮ್ಮ ಬಡಾವಣೆಯಲ್ಲಿದೆ. ಕಳೆದ ಬೇಸಿಗೆಯಿಂದ ನನ್ನ ಮಗಳು ಅಲ್ಲಿಯ ಬುತ್ತಿಯನ್ನೇ ಉಣ್ಣುತ್ತಿದ್ದಾಳೆ. ರುಚಿ ಚೆನ್ನಾಗಿದೆ; ಅದಕ್ಕಿಂತಲೂ, ಯಾವುದನ್ನು ಯಾವ ಹೊತ್ತಿಗೆ ಕೊಡಬೇಕೆಂಬ ಅವರ ತಿಳಿವಳಿಕೆ ನನಗೆ ಬಹಳ ಹಿಡಿಸಿದೆ.

ನೀರಿಗಿಳಿಯುವ ಮುನ್ನ ಅವರು ಕೊಡುವುದು ಒಂದು ಬಾಳೆಹಣ್ಣು, ಬೆಲ್ಲ ಹಾಕಿದ ತೆಳು ರಾಗಿ ಅಂಬಲಿ ಮಾತ್ರ. ಬೆಣ್ಣೆ ದೋಸೆ ಬೇಕೆಂದು ಹಟ ಹಿಡಿದ ಹುಡುಗಿಗೆ ಅಲ್ಲಿಯ ಅಜ್ಜಿ, "ದ್ವಾಸಿ ಆಮ್ಯಾಲೆ ತಿನ್ನುವಂತಿ, ಈಗ ಅಂಬ್ಲಿ ಕುಡಿಯವ್ವ" ಎಂದು ಲೋಟ ಕೈಗಿಟ್ಟರು. ಅದು ಸರಿಯಾದ ಮಾತು. ಕೊಬ್ಬಿನಂಶ ಹೆಚ್ಚಿರುವ ತಿಂಡಿ ಜಠರದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ, ಕೊಳದ ಗೋಡೆಯ ಬಳಿ ಲಾಗ ಹೊಡೆದು ತಿರುಗುವ ಈಜುಗಾರರಿಗೆ ಹೊಟ್ಟೆ ತೊಳಸಿದಂತಾಗುತ್ತದೆ.

ನಿಜವಾದ ಬುತ್ತಿ ಬಿಚ್ಚುವುದು ಅಭ್ಯಾಸ ಮುಗಿದ ಮೇಲೆ. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಬೇಯಿಸಿದ ಎರಡು ಮೊಟ್ಟೆ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಜೊತೆಗೆ ಒಂದಿಷ್ಟು ಅನ್ನ. ಎರಡು ಮೊಟ್ಟೆಯಲ್ಲೇ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ಕಾಳು, ಮೊಸರು ಸೇರಿದರೆ, ಅಭ್ಯಾಸದ ನಂತರ ಬೇಕೆಂದು ಕ್ರೀಡಾ ಪೋಷಣೆಯ ತಜ್ಞರು ಹೇಳುವ ಸುಮಾರು 20 ಗ್ರಾಂ ಯಾವ ಪುಡಿಯೂ ಇಲ್ಲದೆ ಸಿಗುತ್ತದೆ. ಅನ್ನ, ರೊಟ್ಟಿಯನ್ನು ಧಾರಾಳವಾಗಿ ಕೊಡುವುದೂ ಮೆಚ್ಚತಕ್ಕದ್ದೇ. ಕಠಿಣ ಅಭ್ಯಾಸದ ದಿನಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ 6ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುವುದರಿಂದ, 50 ಕಿಲೋ ತೂಕದ ಈಜುಗಾರ್ತಿ ಅನ್ನ ಬಿಡುವುದೆಂದರೆ ಸ್ನಾಯುಗಳಿಗೆ ಇಂಧನವನ್ನೇ ತಪ್ಪಿಸಿದಂತೆ. ಹಾಗೆಂದು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ಮೈಕೆಲ್ ಫೆಲ್ಪ್ಸ್ ದಿನಕ್ಕೆ 12,000 ಕ್ಯಾಲೊರಿ ತಿನ್ನುತ್ತಿದ್ದರೆಂಬ ಕಥೆಯನ್ನು ನಂಬಿ ಮಕ್ಕಳಿಗೆ ತುರುಕುವ ಪೋಷಕರೂ ಇದ್ದಾರೆ. ಆ ಲೆಕ್ಕ ನಿಜವಲ್ಲವೆಂದು ಸ್ವತಃ ಫೆಲ್ಪ್ಸ್ ಅವರೇ ಹೇಳಿದ್ದಾರೆ.

ನೀರಿನೊಳಗೆ ಬೆವರುವುದು ಗೊತ್ತಾಗುವುದಿಲ್ಲವಾದ್ದರಿಂದ, ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆಯ ಬಾಟಲಿಯನ್ನೂ ಇವರು ಬುತ್ತಿಯ ಜೊತೆಗಿಡುತ್ತಾರೆ.

ಕೊರತೆಗಳೂ ಇವೆ. ಹನ್ನೊಂದರ ಹುಡುಗನಿಗೂ ಹದಿನೆಂಟರ ಯುವಕನಿಗೂ ಒಂದೇ ಅಳತೆಯ ಡಬ್ಬಿ ಕೊಡುವುದು ಸರಿಯಲ್ಲ. ಸೊಪ್ಪು ಕಡಿಮೆ ಇತ್ತು; ಮುಟ್ಟು ಆರಂಭವಾದ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶ ಬೇಗ ಕುಗ್ಗುವುದರಿಂದ ಸೊಪ್ಪಿನ ಪಲ್ಯ, ಅದರ ಜೊತೆಗೊಂದು ನಿಂಬೆಹೋಳು ಇರಲೇಬೇಕೆಂದು ಕೇಳಿದ ಮೇಲೆ ವಾರಕ್ಕೆರಡು ದಿನ ನುಗ್ಗೆಸೊಪ್ಪು ಬರುತ್ತಿದೆ. ಗಲ್ಲೆಯ ಪಕ್ಕದಲ್ಲಿ ಮಾರಾಟಕ್ಕಿಟ್ಟಿರುವ ಪ್ರೋಟೀನ್ ಪುಡಿಯ ಡಬ್ಬಗಳನ್ನಂತೂ ದಯವಿಟ್ಟು ತೆಗೆಯಬೇಕು. ಕಲಬೆರಕೆಯ ಪುಡಿಯಿಂದ ನಿಷೇಧಿತ ವಸ್ತು ದೇಹ ಸೇರಿದರೂ, ಉದ್ದೀಪನ ಮದ್ದು ತಡೆ ನಿಯಮದಡಿ ಹೊಣೆ ಕ್ರೀಡಾಪಟುವಿನದೇ ಆಗುತ್ತದೆ.

ಬುತ್ತಿ ಬೇಕಾದವರು ಹಿಂದಿನ ಸಂಜೆಯೇ ಹೇಳಿಡಬೇಕು. ಮೊಟ್ಟೆ ತಿನ್ನದವರಿಗೆ ಅದರ ಬದಲು ಪನೀರ್ ಹಾಕಿಕೊಡುತ್ತಾರೆ.